ಮುಟ್ಟಿಗೆ ಮುಂಚೆ ಬರುವ ಅರೆತಲೆನೋವು, ಹಾರ್ಮೋನು, ಮಿದುಳಿನ ಸ್ಕ್ಯಾನ್: ಗೊತ್ತಿದ್ದವರು ದಯವಿಟ್ಟು ಹೇಳಿ

ಹೊಸನಗರದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮೂರು ಹೊಸನಗರದ ಹತ್ತಿರ. ಈಗ ಶಿವಮೊಗ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹದಿನಾಲ್ಕನೇ ವಯಸ್ಸಿನಿಂದ ನನಗೆ ಅರೆತಲೆನೋವು. ಬಂದರೆ ಎರಡು ದಿನ ಬಿಡುವುದಿಲ್ಲ.

ಹೋದ ತಿಂಗಳು ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಸೀಮೆಸುಣ್ಣ ಕಿರ್ ಅಂದಿದ್ದು ಬಲಗಣ್ಣಿನ ಹಿಂದೆ ಮೊಳೆ ಹೊಡೆದ ಹಾಗಾಯ್ತು. ಕಿಟಕಿಯ ಬೆಳಕು ನೋಡೋಕೆ ಆಗಲಿಲ್ಲ. ಪಕ್ಕದ ಲ್ಯಾಬಿಗೆ ಹೋಗಿ ಕಡಪ ಕಲ್ಲಿನ ಮೇಜಿನ ಮೇಲೆ ಹಣೆ ಇಟ್ಟು ಕೂತೆ. ಕಲ್ಲು ತಣ್ಣಗಿತ್ತು. ಬೆಲ್ ಹೊಡೆಯುವವರೆಗೂ ಏಳಲಿಲ್ಲ.

ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ ಅಲ್ವಾ, ಅದರಲ್ಲೇ ಎಂಟು ತಿಂಗಳಿಂದ ಗುರುತು ಹಾಕುತ್ತಾ ಬಂದಿದ್ದೇನೆ. ಮುಟ್ಟಾದ ದಿನ ಕೆಂಪು ಪೆನ್ನು, ತಲೆನೋವು ಬಂದ ದಿನ ನೀಲಿ ಪೆನ್ನು. ಎಂಟರಲ್ಲಿ ಆರು ತಿಂಗಳು ನೀಲಿ ಗುರುತು ಕೆಂಪಿನ ಹಿಂದಿನ ದಿನ ಅಥವಾ ಅದೇ ದಿನ ಇದೆ.

ಇಷ್ಟಾದರೂ ತೋರಿಸಿದ ಡಾಕ್ಟರು ಹೇಳಿದ್ದು ಬೇರೆ. ಎಮ್ಮಾರೈ ಮಾಡಿಸಿದರು. ರಿಪೋರ್ಟ್ ನಾರ್ಮಲ್ ಬಂತು. "ಸ್ಕ್ಯಾನಲ್ಲಿ ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡ, ಮದುವೆ ಆದ್ಮೇಲೆ ಸರಿಹೋಗುತ್ತೆ" ಅಂದರು. ಆವತ್ತಿಂದ ಮನೆಯಲ್ಲೂ ಅದೇ ಮಾತು. ನಾನು ಮಲಗಿದರೆ ಅಮ್ಮ "ಏನೂ ಇಲ್ವಂತಲ್ಲ" ಅನ್ನುತ್ತಾಳೆ. ಅಮ್ಮ ಬೇಕಂತ ಅನ್ನುವುದಿಲ್ಲ, ಕಾಗದದಲ್ಲಿ ಹಾಗೇ ಬರೆದಿದೆ. ಆದರೆ ನೋವಿಗಿಂತ ಆ ಮಾತೇ ಜಾಸ್ತಿ ಚುಚ್ಚುತ್ತದೆ.

ಹಾರ್ಮೋನಿಗೂ ನೋವಿಗೂ ಏನು ಸಂಬಂಧ? ಮಿದುಳಿನಲ್ಲಿ ಅದನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ? ನೋಡಿದ್ದರೆ ನನ್ನ ಸ್ಕ್ಯಾನಿನಲ್ಲಿ ಯಾಕೆ ಕಾಣಲಿಲ್ಲ?

ಸ್ಕ್ಯಾನ್ ರೂಮ್

ಮೇಡಂ, ನಾನು ಎಮ್ಮಾರೈ ಟೆಕ್ನಿಶಿಯನ್. ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ.

ನಿಮಗೆ ಮಾಡಿದ್ದು ಮಿದುಳಿನ ಆಕಾರ ತೋರಿಸುವ ಸ್ಕ್ಯಾನ್. ಗೆಡ್ಡೆ, ರಕ್ತಸ್ರಾವ, ಊತ, ನರದ ಮೇಲೆ ಒತ್ತಡ, ಇವನ್ನು ಹುಡುಕೋದಕ್ಕೆ. ನಾರ್ಮಲ್ ಅಂದರೆ ಅಂಥ ಅಪಾಯ ಕಾಣಲಿಲ್ಲ ಅಂತ ಅರ್ಥ, ಅಷ್ಟೇ. ನೋವಿಲ್ಲ ಅಂತ ಅಲ್ಲ. ಮನೆಯ ಫೋಟೋ ತೆಗೆದು, ಒಳಗೆ ಜಗಳ ನಡೀತಿದೆಯಾ ಅಂತ ಹೇಳೋಕೆ ಆಗುತ್ತಾ?

ಮಿದುಳು ಕೆಲಸ ಮಾಡುವುದನ್ನು ನೋಡುವ ಬೇರೆ ವಿಧಾನ ಇದೆ. ಅದಕ್ಕೆ ಫಂಕ್ಷನಲ್ ಎಮ್ಮಾರೈ ಅಂತಾರೆ. ಮಿದುಳಿನ ಒಂದು ಭಾಗ ಚುರುಕಾದರೆ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ಆಮ್ಲಜನಕ ಇರುವ ರಕ್ತ, ಇಲ್ಲದ ರಕ್ತ ಎರಡೂ ಅಯಸ್ಕಾಂತದ ಎದುರು ಬೇರೆ ಬೇರೆ ತರ ವರ್ತಿಸುತ್ತವೆ. 1990ರಲ್ಲಿ ಸೇಜಿ ಒಗಾವ ಎನ್ನುವ ಜಪಾನಿನ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ವ್ಯತ್ಯಾಸ ತುಂಬಾ ಸಣ್ಣದು. ಅದಕ್ಕೇ ಒಬ್ಬರಿಗೆ ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ, ಹತ್ತಾರು ಜನರದ್ದು ಸೇರಿಸಿ ಲೆಕ್ಕ ಹಾಕುತ್ತಾರೆ. ಒಬ್ಬರ ನೋವಿಗೆ ಸರ್ಟಿಫಿಕೇಟ್ ಕೊಡೋದಕ್ಕೆ ಅದು ಬರುವುದಿಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘದ ತಜ್ಞರ ತಂಡವೇ 2017ರಲ್ಲಿ ಹೀಗೆ ಹೇಳಿದೆ: ಹಳೇ ನೋವು ಇದೆ ಅಂತಲೋ ಇಲ್ಲ ಅಂತಲೋ ಸಾಬೀತು ಮಾಡಲು ಮಿದುಳಿನ ಚಿತ್ರ ಬಳಸಬೇಡಿ, ನೋವಿಗೆ ರೋಗಿ ಹೇಳಿದ್ದೇ ಆಧಾರ.

ಈ ಸಾಲನ್ನು ನಿಮ್ಮ ಅಮ್ಮನಿಗೆ ಓದಿ ಹೇಳಿ ಮೇಡಂ.

ದೊಡ್ಡಮ್ಮ ಸಾಗರ

ಓದಿ ಕಣ್ಣು ತುಂಬಿ ಬಂತು ಮಗಳೇ. ನಿನ್ನ ಮೊಳೆ ನನಗೂ ಗೊತ್ತು. ನಮ್ಮ ಕಾಲದಲ್ಲಿ ಆ ಮೂರು ದಿನ ಹೊರಗೆ ಕೂರಿಸುತ್ತಿದ್ದರು. ಅತ್ತೆ ಜೀರಿಗೆ ಕಷಾಯ ತಂದು ದೂರದಿಂದ ಇಟ್ಟು ಹೋಗುತ್ತಿದ್ದರು. ನೋವಿದೆಯಾ ಅಂತ ಯಾರೂ ಕೇಳಲಿಲ್ಲ. ನನಗೆ ಐವತ್ತೊಂದಕ್ಕೆ ಮುಟ್ಟು ನಿಂತಿತು. ತಲೆನೋವು ಹೋಯ್ತು, ಆದರೆ ಕೈ ಬೆರಳು, ಮಂಡಿ ಶುರುವಾಯ್ತು. ಬೆಳಗ್ಗೆ ಎದ್ದು ಹಾಲು ಕರೆಯೋಕೆ ಕೂತರೆ ಬೆರಳು ಮಡಚೋಕೇ ಬರಲ್ಲ. ಇದಕ್ಕೂ ಹಾರ್ಮೋನೇ ಕಾರಣವಾ?

ಶರಾವತಿ ತೀರ

ಅಕ್ಕ, ನಾನೂ ನಮ್ಮ ಕಡೆಯವನೇ. ಈಗ ಬೆಂಗಳೂರಿನಲ್ಲಿ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ನಿಮ್ಮ ಕ್ಯಾಲೆಂಡರ್. 1972ರಲ್ಲಿ ಸೋಮರ್‌ವಿಲ್ ಎನ್ನುವ ಆಸ್ಟ್ರೇಲಿಯಾದ ವೈದ್ಯರು ಇದೇ ವಿಷಯ ಹಿಡಿದರು. ಮುಟ್ಟಿನ ಹೊತ್ತಿಗೆ ಮೈಗ್ರೇನ್, ಅಂದರೆ ಇದೇ ಅರೆತಲೆನೋವು, ಬರುವ ಹೆಂಗಸರಿಗೆ ಮುಟ್ಟಿಗೆ ಸ್ವಲ್ಪ ಮುಂಚೆ ಈಸ್ಟ್ರೋಜನ್ ಎನ್ನುವ ಹೆಣ್ಣಿನ ಹಾರ್ಮೋನಿನ ಇಂಜೆಕ್ಷನ್ ಕೊಟ್ಟರು. ಮುಟ್ಟು ಅದರ ದಿನಕ್ಕೇ ಆಯ್ತು, ತಲೆನೋವು ಮಾತ್ರ ಮುಂದಕ್ಕೆ ಹೋಯ್ತು. ಇಂಜೆಕ್ಷನ್ನಿನ ಈಸ್ಟ್ರೋಜನ್ ಇಳಿದ ಮೇಲೆ ಬಂತು. ಅಂದರೆ ತಲೆನೋವು ತರುವುದು ಮುಟ್ಟಲ್ಲ, ಅದಕ್ಕೆ ಮುಂಚೆ ಈಸ್ಟ್ರೋಜನ್ ದಿಢೀರನೆ ಇಳಿಯುವುದು. ನಿಮ್ಮ ನೀಲಿ ಗುರುತು ಕೆಂಪಿಗಿಂತ ಒಂದು ದಿನ ಮುಂಚೆ ಬರೋದು ಇದಕ್ಕೇ. ಮೈನೆರೆಯುವ ಮುಂಚೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಮೈಗ್ರೇನ್ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ಆಮೇಲೆ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಆಗುತ್ತದೆ.

ಇನ್ನು ಮಿದುಳು. ನೋವು ತಡೆಯುವ ವ್ಯವಸ್ಥೆ ನಮ್ಮೊಳಗೇ ಇದೆ. ಕೆರೆಯ ತೂಬು ನೋಡಿದ್ದೀರಲ್ಲ, ಹಾಗೆ ಅಂದುಕೊಳ್ಳಿ. ಪೆಟ್ಟು ಬಿದ್ದ ಜಾಗದಿಂದ ಸುದ್ದಿ ಬೆನ್ನುಹುರಿಗೆ ಬರುತ್ತದೆ. ಅದು ಮೇಲಕ್ಕೆ ಎಷ್ಟು ಹರಿಯಬೇಕು ಅಂತ ಮಿದುಳಿನ ಬುಡದಲ್ಲಿರುವ ಒಂದು ಸಣ್ಣ ಭಾಗ ಕೆಳಗೆ ಆಜ್ಞೆ ಕಳಿಸುತ್ತದೆ. ತೂಬು ಇಳಿಸಿದರೆ ನೋವು ಕಡಿಮೆ, ಎತ್ತಿದರೆ ಜಾಸ್ತಿ. ಈ ಕೆಲಸಕ್ಕೆ ಮಿದುಳು ಅಫೀಮಿನ ಜಾತಿಯ ರಾಸಾಯನಿಕಗಳನ್ನು ತಾನೇ ತಯಾರಿಸುತ್ತದೆ. ಎಂಡಾರ್ಫಿನ್ ಅಂತ ನೀವು ಮಕ್ಕಳಿಗೆ ಪಾಠ ಮಾಡಿರುತ್ತೀರಿ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜಾನ್-ಕಾರ್ ಜುಬಿಯೇಟಾ ಅವರ ತಂಡ ಇದನ್ನು ಪೆಟ್ ಎನ್ನುವ ಇನ್ನೊಂದು ಬಗೆಯ ಸ್ಕ್ಯಾನಿನಲ್ಲಿ ನೋಡಿತು. ದವಡೆಯ ಸ್ನಾಯುವಿಗೆ ಉಪ್ಪುನೀರು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ದವಡೆ ಕಚ್ಚಿ ಹಿಡಿದ ಹಾಗೆ ನೋವು, ಆದರೆ ಗಾಯ ಆಗುವುದಿಲ್ಲ. ಎಂಡಾರ್ಫಿನ್ ಹೋಗಿ ಕೂರುವ ಜಾಗಕ್ಕೇ ಅಂಟುವ, ವಿಕಿರಣ ಸೂಸುವ ಒಂದು ವಸ್ತುವನ್ನು ರಕ್ತಕ್ಕೆ ಅತಿ ಕಡಿಮೆ ಕೊಟ್ಟಿರುತ್ತಾರೆ. ಮಿದುಳು ತನ್ನ ಎಂಡಾರ್ಫಿನ್ ಬಿಟ್ಟರೆ ಜಾಗ ಭರ್ತಿಯಾಗುತ್ತದೆ, ಈ ವಸ್ತುವಿಗೆ ಕೂರಲು ಸಿಗುವುದಿಲ್ಲ. ಎಷ್ಟು ಕೂತಿಲ್ಲ ಅಂತ ನೋಡಿ ಎಷ್ಟು ಎಂಡಾರ್ಫಿನ್ ಬಂತು ಅಂತ ಲೆಕ್ಕ. ಆ ವಸ್ತುವಿನಲ್ಲಿರುವ, ವಿಕಿರಣ ಸೂಸುವ ಇಂಗಾಲ ಇಪ್ಪತ್ತು ನಿಮಿಷಕ್ಕೆ ಅರ್ಧ ಕರಗಿ ಹೋಗುತ್ತದೆ. ತಯಾರಿಸುವ ಯಂತ್ರ ಹತ್ತಿರದಲ್ಲೇ ಇರಬೇಕು. ಇಂಥ ಪ್ರಯೋಗ ಎಲ್ಲಾ ಕಡೆ ಮಾಡೋಕೆ ಆಗದಿರುವುದು ಅದಕ್ಕೇ.

2006ರಲ್ಲಿ ಇದೇ ತಂಡ ಕೆಲವು ಹೆಂಗಸರನ್ನು ಎರಡೆರಡು ಸಲ ನೋಡಿತು. ಒಮ್ಮೆ ಈಸ್ಟ್ರೋಜನ್ ಕಡಿಮೆ ಇರುವ, ಮುಟ್ಟಾದ ಮೊದಮೊದಲ ದಿನಗಳಲ್ಲಿ. ಇನ್ನೊಮ್ಮೆ ಮೈಗೆ ಈಸ್ಟ್ರೋಜನ್ ಪಟ್ಟಿ ಅಂಟಿಸಿ, ಮಟ್ಟ ಏರಿಸಿ. ಪಟ್ಟಿ ಇದ್ದಾಗ ನೋವಿಗೆ ಮಿದುಳು ಬಿಟ್ಟ ಎಂಡಾರ್ಫಿನ್ ಜಾಸ್ತಿ. ಇಲ್ಲದಾಗ ಕೆಲವು ಭಾಗಗಳಲ್ಲಿ ಅದು ಇಳಿದೇ ಹೋಯ್ತು, ನೋವು ತಡೆಯುವ ಶಕ್ತಿಯೂ ಕುಗ್ಗಿತು. ಹೆಂಗಸು ಅವಳೇ, ಉಪ್ಪುನೀರು ಅದೇ, ಮಿದುಳಿನ ಉತ್ತರ ಬೇರೆ. ನನಗೆ ಈ ವಿಷಯದ ಹುಚ್ಚು ಹಿಡಿದಿದ್ದು ಈ ಪ್ರಬಂಧ ಓದಿದ ಮೇಲೆ.

ಒಂದು ಎಚ್ಚರಿಕೆ. ಆರೋಗ್ಯವಂತ ಹೆಂಗಸರಿಗೆ ತಿಂಗಳಿಡೀ ಬಿಸಿ, ಒತ್ತಡ ಕೊಟ್ಟು ಅಳೆದ ಪ್ರಯೋಗಗಳಲ್ಲಿ ಫಲಿತಾಂಶ ಒಂದೇ ತರ ಬಂದಿಲ್ಲ. ಕೆಲವು ಕಡೆ ವ್ಯತ್ಯಾಸವೇ ಕಂಡಿಲ್ಲ. ಹಾಗಾಗಿ "ಹೆಂಗಸರಿಗೆ ಆ ದಿನಗಳಲ್ಲಿ ಎಲ್ಲಾ ನೋವೂ ಜಾಸ್ತಿ" ಅಂತ ಸಾರಾಸಗಟಾಗಿ ಹೇಳಬಾರದು. ಮೈಗ್ರೇನಿನಂಥ ತೊಂದರೆ ಇರುವವರಲ್ಲಿ ನಂಟು ಸ್ಪಷ್ಟ.

ಭದ್ರಾವತಿ ಹುಡುಗ

ತಪ್ಪು ತಿಳಿಯಬೇಡಿ, ಮನಸ್ಸಿನಲ್ಲಿ ಇರುವುದನ್ನು ಕೇಳುತ್ತೇನೆ. ನಮ್ಮಜ್ಜಿ ಒಂಬತ್ತು ಹೆತ್ತು, ಸಸಿ ನೆಟ್ಟು, ಸೊಪ್ಪಿನ ಹೊರೆ ಹೊತ್ತವರು. ಈಗಿನವರಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆಯಾಗಿದೆ ಅನ್ನಿಸುವುದಿಲ್ವಾ? ಸರ್ಕಾರ ಬೇರೆ ತಿಂಗಳಿಗೊಂದು ರಜೆ ಕೊಡುತ್ತಿದೆ.

ದೊಡ್ಡಮ್ಮ ಸಾಗರ

ನಿಮ್ಮಜ್ಜಿಗೆ ನೋವಾಗಲಿಲ್ಲ ಅಂತ ನಿನಗೆ ಹೇಳಿದ್ದು ಯಾರಪ್ಪ? ಅವರನ್ನು ಯಾರಾದರೂ ಕೇಳಿದ್ದರಾ?

ಮಲೆನಾಡ ಅತ್ತಿಗೆ

ನಾನು ತೀರ್ಥಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕೆಲಸಕ್ಕೆ ಬರುವವಳು. ತಿಂಗಳಿಗೆ ಒಂದು ದಿನ ಸಂಬಳ ಸಹಿತ ರಜೆ ಕೊಡುವುದಕ್ಕೆ ನಮ್ಮ ಸಚಿವ ಸಂಪುಟ ಒಪ್ಪಿದ್ದು 2025ರ ಅಕ್ಟೋಬರಿನಲ್ಲಿ. ನಿಮ್ಮ ಅಜ್ಜಿಯ ತಲೆಮಾರಿಗೆ ಅದು ಸಿಗಲಿಲ್ಲ, ಅವರಿಗೆ ಬೇಡವಾಗಿತ್ತು ಅಂತ ಅಲ್ಲ. ಬಸ್ಸಿನಲ್ಲಿ ನಿಂತುಕೊಂಡು ಮಂಡಗದ್ದೆ ತಿರುವಿನಲ್ಲಿ ಹೊಟ್ಟೆ ಹಿಡಿದುಕೊಂಡವರಿಗೆ ಅದರ ಬೆಲೆ ಗೊತ್ತು.

ಹೊಟ್ಟೆನೋವಿನ ಬಗ್ಗೆಯೂ ಯಾರಾದರೂ ಬರೆಯಿರಿ.

ಶರಾವತಿ ತೀರ

ಅತ್ತಿಗೆ, ಹೊಟ್ಟೆನೋವಿನ ಬುಡ ಗರ್ಭಕೋಶದಲ್ಲಿದೆ. ಪ್ರೊಜೆಸ್ಟರಾನ್ ಎನ್ನುವ ಇನ್ನೊಂದು ಹಾರ್ಮೋನ್ ಇಳಿದಾಗ ಒಳಪದರ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಬಿಡುತ್ತದೆ. ಗರ್ಭಕೋಶ ಬಿಗಿಯಾಗಿ ಹಿಂಡಿಕೊಳ್ಳುತ್ತದೆ, ಅಲ್ಲಿಗೆ ರಕ್ತ ಕಡಿಮೆಯಾಗುತ್ತದೆ. ಆದರೆ ಪ್ರತಿ ತಿಂಗಳೂ ಈ ನೋವು ತಿಂದವರ ಮಿದುಳಿನಲ್ಲೂ ವ್ಯತ್ಯಾಸ ಕಂಡಿದೆ. ತೈವಾನಿನ ಸಂಶೋಧಕರು 2010ರಲ್ಲಿ ಇಂಥ ಹುಡುಗಿಯರ ಮಿದುಳನ್ನು ನೋವಿಲ್ಲದ ದಿನಗಳಲ್ಲಿ ಸ್ಕ್ಯಾನ್ ಮಾಡಿದರು. ನೋವನ್ನು ಹತ್ತಿಕ್ಕುವ, ನೋವಿಗೆ ಭಾವನೆ ಬೆರೆಸುವ ಕೆಲವು ಭಾಗಗಳ ಗಾತ್ರವೇ ಬೇರೆಯಿತ್ತು. ನೋವು ಮೂರು ದಿನದ್ದು, ಗುರುತು ಇಡೀ ತಿಂಗಳದ್ದು.

ಭದ್ರಾವತಿಯವರೇ, ನಿಮ್ಮ ಪ್ರಶ್ನೆ ತಪ್ಪಲ್ಲ. ವಿಜ್ಞಾನವೂ ಬಹಳ ಕಾಲ ಕೇಳಿರಲಿಲ್ಲ. ನೋವಿನ ಬಗ್ಗೆಯೇ ಇರುವ ದೊಡ್ಡ ಪತ್ರಿಕೆಯೊಂದರಲ್ಲಿ ಹತ್ತು ವರ್ಷ ಬಂದ ಇಲಿಗಳ ಪ್ರಯೋಗಗಳನ್ನು ಕೆನಡಾದ ಜೆಫ್ರಿ ಮೊಗಿಲ್ ಮತ್ತು ಅವರ ಜೊತೆಗಾರರು 2005ರಲ್ಲಿ ಎಣಿಸಿದರು. ಶೇಕಡ 79ರಲ್ಲಿ ಬರೀ ಗಂಡು ಇಲಿಗಳು. ಹೆಣ್ಣಿನ ಹಾರ್ಮೋನ್ ಏರಿಳಿತ ಲೆಕ್ಕ ಕೆಡಿಸುತ್ತದೆ ಅಂತ ಬಿಟ್ಟಿದ್ದರು. ನಮಗೆ ಬೇಕಾಗಿದ್ದ ಉತ್ತರವೇ ಆ ಏರಿಳಿತದಲ್ಲಿತ್ತು.

ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ಹೆಂಗಸರಲ್ಲೂ ಸ್ವಲ್ಪ ಇರುತ್ತದೆ. ಆಕ್ಸ್‌ಫರ್ಡಿನಲ್ಲಿ ಕೇಟಿ ವಿನ್ಸೆಂಟ್, ಐರೀನ್ ಟ್ರೇಸಿ ಮತ್ತು ಜೊತೆಗಾರರು ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಂಗಸರಿಗೆ ಬಿಸಿ ತಾಗಿಸಿ ಫಂಕ್ಷನಲ್ ಎಮ್ಮಾರೈ ಮಾಡಿದರು. 2013ರಲ್ಲಿ ಪ್ರಕಟವಾಯ್ತು. ಟೆಸ್ಟೋಸ್ಟಿರಾನ್ ತೀರಾ ಕಡಿಮೆ ಇದ್ದವರಿಗೆ ಕಡಿಮೆ ಬಿಸಿಯೇ ಅಷ್ಟು ನೋವು ಕೊಟ್ಟಿತು. ನಾನು ಹೇಳಿದ ತೂಬಿನ ಭಾಗ ಅವರಲ್ಲಿ ಸರಿಯಾಗಿ ಕೆಲಸ ಮಾಡಿರಲಿಲ್ಲ. ತಡೆದುಕೊಳ್ಳುವ ಶಕ್ತಿ ಅನ್ನುತ್ತೀವಲ್ಲ, ಅದರಲ್ಲಿ ಒಂದು ಪಾಲು ಇದು. ಮನಸ್ಸು ಗಟ್ಟಿ ಮಾಡಿಕೊಂಡರೆ ಬರುವುದಲ್ಲ.

ಭದ್ರಾವತಿ ಹುಡುಗ

ಸರಿ ಸರ್. ದೊಡ್ಡಮ್ಮ, ನಿಮ್ಮ ಮಾತು ನಾಟಿತು. ಅಜ್ಜಿ ಇದ್ದಿದ್ದರೆ ಕೇಳುತ್ತಿದ್ದೆ. ಅಮ್ಮನನ್ನು ಕೇಳುತ್ತೇನೆ.

ಅಡಿಕೆ ಅಣ್ಣ

ನಾನು ಸೊರಬದ ಕಡೆ ಅಡಿಕೆ ಬೆಳೆಗಾರ. ಎರಡು ವಿಷಯ ಇದೆ.

ಒಂದು, ನಮ್ಮಮ್ಮನದು. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಲೆಟ್ರೊಜೋಲ್ ಮಾತ್ರೆ ನಡೆಯುತ್ತಿದೆ. ಮೂರು ತಿಂಗಳಿಗೆ ಮೈಯೆಲ್ಲಾ ಕೀಲುನೋವು. ದೊಡ್ಡಮ್ಮ ಹೇಳಿದ ಹಾಗೇ ಬೆಳಗ್ಗೆ ಬೆರಳು ಮಡಚಲು ಆಗುವುದಿಲ್ಲ. ಮಾತ್ರೆ ನಿಲ್ಲಿಸಿಬಿಡ್ತೀನಿ ಅಂತಾರೆ.

ಎರಡನೆಯದು ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮಲ್ಲಿ ಸುಲಿತಕ್ಕೆ ಹೆಂಗಸರು ಬರುತ್ತಾರೆ. ಮೆಟ್ಟುಗತ್ತಿ ಮುಂದೆ ಸಂಜೆ ಕೂತರೆ ರಾತ್ರಿ ಹನ್ನೊಂದಾದರೂ ಏಳುವುದಿಲ್ಲ. ಡಬ್ಬದ ಲೆಕ್ಕದಲ್ಲಿ ಕೂಲಿ. ಈ ಚರ್ಚೆ ಓದಿ ಹೋದ ಸುಗ್ಗಿಯ ಲೆಕ್ಕದ ಪುಸ್ತಕ ತೆಗೆದೆ. ಹತ್ತು ವರ್ಷದಿಂದ ಬರುವ ಒಬ್ಬರು ದಿನಾ ಆರು ಡಬ್ಬಕ್ಕೆ ಕಡಿಮೆ ಇಲ್ಲ. ನಾಲ್ಕು ವಾರಕ್ಕೊಮ್ಮೆ ಎರಡು ದಿನ ಮೂರು, ಎರಡೂವರೆ ಅಂತ ಬರೆದಿದೆ. ಅಕ್ಷರ ನನ್ನದೇ. ಒಂದು ಕಡೆ ಪಕ್ಕದಲ್ಲಿ "ಯಾಕೋ ನಿಧಾನ" ಅಂತಲೂ ಬರೆದಿದ್ದೇನೆ. ನಿಧಾನ ಯಾಕೆ ಅಂತ ಒಂದು ಮಾತು ಕೇಳಿಲ್ಲ. ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟೆ.

ಶರಾವತಿ ತೀರ

ಅಣ್ಣ, ಅದು ಪುರಾವೆ ಅಲ್ಲ. ಅವರಿಗೆ ಆ ದಿನ ಬೇರೇನೋ ಆಗಿರಬಹುದು. ಅವರು ತಾವಾಗಿ ಹೇಳಿದರೆ ಮಾತ್ರ ಗೊತ್ತಾಗುವುದು. ಆದರೆ ಸಂಶೋಧನೆ ಶುರುವಾಗುವುದೂ ಇಂಥ ಲೆಕ್ಕದಿಂದಲೇ. ಅವರ ಹೆಸರು ಬರೆಯದೇ ಇದ್ದದ್ದು ಒಳ್ಳೆಯದಾಯ್ತು.

ಅಮ್ಮನ ವಿಷಯ, ದೊಡ್ಡಮ್ಮನ ಪ್ರಶ್ನೆ ಎರಡಕ್ಕೂ ಒಂದೇ ಬೇರು. ಲೆಟ್ರೊಜೋಲ್ ಮೈಯಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ನಿಲ್ಲಿಸುತ್ತದೆ. ಈ ಜಾತಿಯ ಮಾತ್ರೆ ತಗೊಳ್ಳುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಕೀಲುನೋವು ಬರುತ್ತದೆ. ಮುಟ್ಟು ನಿಂತಾಗಲೂ ಈಸ್ಟ್ರೋಜನ್ ಇಳಿಯುತ್ತದೆ, ಆ ವಯಸ್ಸಿನಲ್ಲಿ ಕೀಲುನೋವು ಸಾಮಾನ್ಯ. ದೊಡ್ಡಮ್ಮ, ಬೆರಳು ಊದಿಕೊಂಡಿದ್ದರೆ, ಬೆಳಗಿನ ಬಿಗಿತ ಒಂದು ಗಂಟೆಯಾದರೂ ಬಿಡದಿದ್ದರೆ ವಾತದ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಬಾರದು.

ಔಷಧಿ ಅಂಗಡಿ ಅಕ್ಕ

ಅಡಿಕೆ ಅಣ್ಣ, ದಯವಿಟ್ಟು ಅಮ್ಮ ಮಾತ್ರೆ ನಿಲ್ಲಿಸುವುದು ಬೇಡ. ಕ್ಯಾನ್ಸರ್ ಮರುಕಳಿಸದಿರಲು ಕೊಡುವ ಮಾತ್ರೆ ಅದು. ನೋವಿದೆ ಅಂತ ಅವರ ಕ್ಯಾನ್ಸರ್ ಡಾಕ್ಟರಿಗೇ ಹೇಳಿ, ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಿಸುವ ದಾರಿ ಇದೆ. ದಿನಾ ನಡೆಯುವುದು, ಹಗುರ ವ್ಯಾಯಾಮ ಮಾಡುವುದರಿಂದ ಈ ನೋವು ತಗ್ಗುತ್ತದೆ ಅಂತ ಪ್ರಯೋಗಗಳಲ್ಲೂ ಕಂಡಿದೆ.

ಹೊಸನಗರದ ತಂಗಿಗೆ, ಕೌಂಟರಿನಲ್ಲಿ ನಿಂತು ದಿನಾ ನೋಡುವುದನ್ನು ಹೇಳುತ್ತೇನೆ. ತಲೆನೋವಿನ ಮಾತ್ರೆಯೇ ತಲೆನೋವು ತರುತ್ತದೆ. ಸಾಮಾನ್ಯ ನೋವಿನ ಮಾತ್ರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೈಗ್ರೇನಿಗೇ ಕೊಡುವ ಟ್ರಿಪ್ಟಾನ್ ಇಲ್ಲವೇ ಎರಡು ಮೂರು ಔಷಧಿ ಸೇರಿಸಿದ ಮಾತ್ರೆ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿದರೆ ಅದೇ ಒಂದು ಕಾಯಿಲೆ. ಮುಟ್ಟಿನ ಹೊಟ್ಟೆನೋವಿಗೆ ಎಲ್ಲರೂ ಕೇಳುವ ಮೆಫೆನಾಮಿಕ್ ಆಸಿಡ್ ಮಾತ್ರೆ ಖಾಲಿ ಹೊಟ್ಟೆಗೆ ಬೇಡ. ಅದರಿಂದ ಕೆಲವರಿಗೆ ಮೈತುಂಬ ದದ್ದು, ಜ್ವರದ ಜೊತೆ ತೀವ್ರ ಅಲರ್ಜಿ ಆಗಬಹುದು ಅಂತ ಭಾರತೀಯ ಔಷಧಕೋಶ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿದೆ.

ಒಂದು ಮಾತು ಮರೆಯಬೇಡ ತಂಗಿ. ತಲೆನೋವಿಗೆ ಮುಂಚೆ ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಬರುತ್ತದಾ? ಬಂದರೆ ಡಾಕ್ಟರಿಗೆ ಖಂಡಿತ ಹೇಳು. ಅಂಥವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತಗೊಂಡರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಯಾರೋ ಹೇಳಿದರು ಅಂತ ಹಾರ್ಮೋನ್ ಮಾತ್ರೆ ತಿನ್ನಬಾರದು.

ಹೊಸನಗರದ ಮಗಳು

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಪರೀಕ್ಷೆ ಪೇಪರು ತಿದ್ದುವುದಿತ್ತು.

ಬೇರೆ ಡಾಕ್ಟರ ಹತ್ತಿರ ಹೋಗಿದ್ದೆ. ಕ್ಯಾಲೆಂಡರಿನ ಎಂಟು ಹಾಳೆ ಹರಿದುಕೊಂಡು ಹೋದೆ, ಹಾಲಿನ ಲೆಕ್ಕದ ಸಮೇತ. ಅವರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ಬೆರಳಿಟ್ಟು ಎಣಿಸಿದರು. ಸ್ಕ್ಯಾನ್ ರಿಪೋರ್ಟನ್ನು ಒಂದು ನಿಮಿಷ ನೋಡಿ ಪಕ್ಕಕ್ಕಿಟ್ಟರು. ಮಿಂಚಿನ ಗೆರೆ ಬರುತ್ತದಾ ಅಂತ ಕೇಳಿದರು, ಅಕ್ಕ ಹೇಳಿದ ಹಾಗೇ. ಬರುವುದಿಲ್ಲ ಅಂದೆ. ಮುಟ್ಟು ತಾರೀಕಿಗೆ ಸರಿಯಾಗಿ ಆಗುವುದರಿಂದ ಎರಡು ದಿನ ಮುಂಚೆಯೇ ನ್ಯಾಪ್ರೊಕ್ಸೆನ್ ಎನ್ನುವ ನೋವಿನ ಮಾತ್ರೆ ಶುರು ಮಾಡಿ, ಐದಾರು ದಿನ ತಗೊಂಡು ನಿಲ್ಲಿಸಲು ಬರೆದುಕೊಟ್ಟರು. ಊಟದ ಮೇಲೆ. ಮೂರು ತಿಂಗಳು ನೋಡೋಣ ಅಂದರು. ಇದು ನನಗೆ ಬರೆದದ್ದು, ನೀವು ನೋಡಿಕೊಂಡು ತಗೊಳ್ಳಬೇಡಿ.

ಅಮ್ಮನೂ ಜೊತೆಗೆ ಬಂದಿದ್ದಳು. ಸ್ಕ್ಯಾನ್ ರೂಮಿನವರ ಸಾಲನ್ನು ಬಸ್ಸಿನಲ್ಲೇ ಓದಿ ಹೇಳಿದ್ದೆ. ಆಗ ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಆಯನೂರು ದಾಟಿದ ಮೇಲೆ, ಕಿಟಕಿ ಕಡೆ ನೋಡುತ್ತಾ, ತನಗೂ ಮದುವೆಗೆ ಮುಂಚಿಂದ ಹೀಗೇ ಬರುತ್ತಿತ್ತು ಅಂದಳು. ನನ್ನ ತಂಗಿ ಹುಟ್ಟುವ ಮುಂಚಿನ ಆರೇಳು ತಿಂಗಳು ಮಾತ್ರ ಬಂದಿರಲಿಲ್ಲವಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗಿದು ಗೊತ್ತಿರಲಿಲ್ಲ.

ಶರಾವತಿ ತೀರ

ಅಕ್ಕ, ಬಸುರಿಯಾದಾಗ ಈಸ್ಟ್ರೋಜನ್ ಏರುತ್ತಾ ಹೋಗಿ ಮೇಲೇ ನಿಲ್ಲುತ್ತದೆ, ತಿಂಗಳ ಇಳಿತ ಇರುವುದಿಲ್ಲ. ಬಹಳ ಜನರಿಗೆ ಮೈಗ್ರೇನ್ ತಗ್ಗುವುದು ಆಗಲೇ. ಹೆರಿಗೆಯಾದ ಕೂಡಲೇ ಮಟ್ಟ ದಿಢೀರನೆ ಬಿದ್ದು ಮತ್ತೆ ಬರುತ್ತದೆ. ತಂಗಿ ಹುಟ್ಟಿದ ಮೇಲೆ ಹೇಗಿತ್ತು ಅಂತ ಅಮ್ಮನನ್ನು ಕೇಳಿ ನೋಡಿ.

ಹೊಸನಗರದ ಮಗಳು

ಕೇಳಿದೆ. ಬಾಣಂತಿ ಕೋಣೆಯಲ್ಲಿ ಮೂರನೇ ದಿನ ಬಂತಂತೆ. ಹೊಗೆಯಿಂದ ಅಂತ ಎಲ್ಲರೂ ಅಂದುಕೊಂಡರಂತೆ.

ನಾಳೆಯಿಂದ ಮಾತ್ರೆ ಶುರು. ಹೊಸ ಹಾಳೆಯಲ್ಲಿ ತಾರೀಕಿನ ಸುತ್ತ ಅಮ್ಮನೇ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿದ್ದಾಳೆ. ನೀಲಿ ಪೆನ್ನನ್ನು ಕ್ಯಾಲೆಂಡರಿನ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದೇವೆ.